ಎದುರಾಡುವವರನ್ನು ಹೊರಗಟ್ಟಿದ ಮೇಲೆ

2013ರಲ್ಲಿ ಕ್ರೊವೇಷಿಯಾದ ಶಿಕ್ಷಣ ಸಚಿವ ಝೆಲ್ಕೊ ಯೊವಾನೊವಿಚ್ ತಮ್ಮ ದೇಶದ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಕೊಟ್ಟರು. ಕ್ರೊವೇಷಿಯನ್ ಭಾಷೆಯ ವಿಕಿಪೀಡಿಯವನ್ನು ನೆಚ್ಚಿಕೊಳ್ಳಬೇಡಿ, ಅದರಲ್ಲಿ ಬಹಳಷ್ಟು ಸಂಗತಿಗಳನ್ನು ತಿರುಚಲಾಗಿದೆ ಎಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಬರು, ಯಹೂದಿಗಳು, ರೋಮಾ ಜನರನ್ನು ಕೊಂದುಹಾಕಿದ ಯಾಸೆನೊವಾಟ್ಸ್ ಶಿಬಿರ ಅಲ್ಲಿನ ಪುಟದಲ್ಲಿ ಬರೀ ಕೆಲಸದ ಶಿಬಿರವೆಂಬಂತೆ ಮೆತ್ತಗಾಗಿತ್ತು. 2021ರಲ್ಲಿ ವಿಕಿಮೀಡಿಯಾ ಫೌಂಡೇಷನ್ ಹೊರತಂದ ವರದಿ ಇದರ ಹಿನ್ನೆಲೆಯನ್ನು ಬಿಡಿಸಿಟ್ಟಿತು. 2011ರಿಂದ ಸುಮಾರು ಒಂಬತ್ತು ವರ್ಷ ಒಂದು ಸಣ್ಣ ಗುಂಪು ನಿರ್ವಾಹಕರ ಅಧಿಕಾರ ಹಿಡಿದುಕೊಂಡು, ತಕರಾರು ತೆಗೆದವರ ಖಾತೆಗಳನ್ನೇ ನಿರ್ಬಂಧಿಸುತ್ತ ಬಂದಿತ್ತು.

ಹೊರಗಿನಿಂದ ನೋಡಿದವರಿಗೆ ಅದು ಒಗ್ಗಟ್ಟಿನ ಬಳಗದಂತೆ ಕಂಡಿರಬೇಕು. ಕೆಡುಕಿಗೆ ದಾರಿ ಮಾಡಿದ್ದು ಆ ಒಗ್ಗಟ್ಟೇ. ಆನ್‌ಲೈನ್ ಬಳಗಗಳ ಬಗ್ಗೆ ನಾವು ಚಿಂತಿಸುವಾಗಲೆಲ್ಲ ಅಲ್ಲಿ ಜಗಳ ಹೆಚ್ಚಾಯಿತು ಎಂದೇ ಹೇಳುತ್ತೇವೆ. ನಾವು ಹೆಚ್ಚು ಅಂಜಬೇಕಾದದ್ದು ಜಗಳವಾಡುವವರೇ ಉಳಿಯದ ಬಳಗಕ್ಕೆ.

ಇದಕ್ಕೆ ಆಧಾರವಿದೆ. ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಇವಾನ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ವಿಕಿಪೀಡಿಯದ ಎರಡು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಪರಿಶೀಲಿಸಿ 2019ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಒಂದೇ ರಾಜಕೀಯ ಒಲವಿನವರು ಸೇರಿ ಬರೆದ ಪುಟಗಳಿಗಿಂತ ಎಡ–ಬಲ ಎರಡೂ ಕಡೆಯವರು ಗುದ್ದಾಡಿ ಬರೆದ ಪುಟಗಳೇ ಗುಣಮಟ್ಟದಲ್ಲಿ ಮೇಲಿದ್ದವು. ಹಾರ್ವರ್ಡ್‌ನ ಶೇನ್ ಗ್ರೀನ್‌ಸ್ಟೀನ್, ಫೆಂಗ್ ಝೂ ಮತ್ತು ಅವರ ಜೊತೆಗಾರರು ಬರಹದ ಬದಲು ಬರೆದವರನ್ನು ಗಮನಿಸಿದರು. ಅಮೆರಿಕದ ರಾಜಕೀಯದ ಪುಟಗಳಲ್ಲಿ ಒಂದು ಪಕ್ಷದ ಭಾಷೆಯನ್ನೇ ಆಡುತ್ತ ಬಂದವರು ಕಾಲ ಕಳೆದಂತೆ ತಟಸ್ಥ ಭಾಷೆಯತ್ತ ಸರಿದಿದ್ದರು. ನನಗೆ ಹೆಚ್ಚು ಮುಖ್ಯವೆನಿಸುವುದು ಈ ಎರಡನೆಯದು. ಪುಟವೊಂದು ಸುಧಾರಿಸುವುದು ಸಣ್ಣ ಲಾಭ, ಮನುಷ್ಯನ ಮಾತಿನ ಕಾವು ಹದಕ್ಕೆ ಬರುವುದು ದೊಡ್ಡದು.

ಅದು ಆಗುವುದು ಹೇಗೆ? ಒಂದು ಊರಿನ ದೇವಸ್ಥಾನದ ಪುಟವಿದೆ ಎಂದುಕೊಳ್ಳೋಣ. ಚೋಳರು ಕಟ್ಟಿಸಿದ್ದು ಎಂದು ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಅಳಿಸಿ, ಹೊಯ್ಸಳರದ್ದು ಎನ್ನುತ್ತಾರೆ. ಪುಟದ ಇತಿಹಾಸದಲ್ಲಿ ಯಾರು, ಯಾವ ಗಂಟೆಗೆ, ಏನು ಬದಲಿಸಿದರು ಎಂಬುದೆಲ್ಲ ಉಳಿಯುತ್ತದೆ. ಅಳಿಸಾಟ ಮುಂದುವರಿದರೆ ಚರ್ಚೆ ಪುಟಕ್ಕೆ ಹೋಗಿ ಎಂದು ಮೂರನೆಯವರು ಹೇಳುತ್ತಾರೆ. ಅಲ್ಲಿ ‘ನಮ್ಮಜ್ಜ ಹೇಳುತ್ತಿದ್ದರು’ ಎಂಬುದು ನಡೆಯದು, ಆಧಾರ ಕೊಡಬೇಕು. ಒಬ್ಬರು ಸ್ಥಳಪುರಾಣದ ಪುಸ್ತಕ ತರುತ್ತಾರೆ, ಇನ್ನೊಬ್ಬರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿರುವ ಶಾಸನ ತೋರಿಸುತ್ತಾರೆ. ಕೊನೆಗೆ ಎರಡೂ ಪುಟದಲ್ಲಿ ನಿಲ್ಲುತ್ತವೆ: ಸ್ಥಳಪುರಾಣ ಹೀಗೆನ್ನುತ್ತದೆ, ಶಾಸನದಲ್ಲಿ ಹೀಗಿದೆ. ಇಬ್ಬರ ನಂಬಿಕೆಯೂ ಬದಲಾಗದಿರಬಹುದು. ಆದರೆ ಎದುರಾಳಿಯ ಮಾತನ್ನು, ಅವನೂ ಹೌದೆನ್ನುವಂತೆ ತನ್ನ ಕೈಯಾರೆ ಬರೆಯುವುದನ್ನು ಇಬ್ಬರೂ ಕಲಿತಿರುತ್ತಾರೆ. ಸಮಾಜದಲ್ಲಿ ಬಾಳಲು ಬೇಕಾದ ಈ ಕೌಶಲವನ್ನು ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳು ಕಲಿಸುವುದಿಲ್ಲ. ಅಲ್ಲಿ ಗೆಲ್ಲುವುದನ್ನಷ್ಟೇ ಕಲಿಸುತ್ತೇವೆ.

ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ವಾದ ಎದ್ದಿದ್ದರೆ ಒಬ್ಬರು ಗುಂಪು ಬಿಟ್ಟು ಹೋಗುತ್ತಿದ್ದರು. ಅಲ್ಲಿ ಇಬ್ಬರೂ ಸೇರಿ ಮುಗಿಸಬೇಕಾದ ಕೆಲಸವೇ ಇಲ್ಲ. ವಾದಕ್ಕೆ ಕೆಲಸದ ಕಟ್ಟು ಇಲ್ಲದಿದ್ದರೆ ಉಳಿಯುವುದು ಮುನಿಸು ಮಾತ್ರ.

ಹಾಗೆಂದು ವಿಕಿಪೀಡಿಯದ ಜಗಳಗಳೆಲ್ಲ ಒಳ್ಳೆಯವೇ ಎನ್ನಲಾಗದು. 2011ರ ಸಮೀಕ್ಷೆಯಲ್ಲಿ ಸಂಪಾದಕರ ಪೈಕಿ ಮಹಿಳೆಯರು ಶೇ 10ರಷ್ಟೂ ಇರಲಿಲ್ಲ. ಅಲ್ಲಿನ ಹಟಮಾರಿ, ಒರಟು ವಾತಾವರಣವೂ ಒಂದು ಕಾರಣವೆಂದು ಹಲವು ಮಹಿಳೆಯರು ಹೇಳಿದ್ದರು. ಬಳಗಕ್ಕೆಲ್ಲ ಅನ್ವಯಿಸುವ ನೀತಿಸಂಹಿತೆ ಬಂದದ್ದು 2021ರಲ್ಲಿ, ತೀರಾ ತಡವಾಯಿತು. ಭಿನ್ನಮತ ಬೆಳೆಸಬೇಕಾದರೆ ಎದುರಾಡುವವರಿಗೆ ಅಲ್ಲಿ ಉಳಿಯುವ ಧೈರ್ಯ ಇರಬೇಕು. ಬೈಗುಳ ತಿಂದು ಹೋದವರಿಂದ ಯಾರೂ ಏನನ್ನೂ ಕಲಿಯಲಾರರು.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಕಷ್ಟ ಬೇರೆಯದು. ನಿಷ್ಠೆಯಿಂದ ದುಡಿಯುವ ಕೆಲವೇ ಮಂದಿ ಅದನ್ನು ಹೊತ್ತಿದ್ದಾರೆ. ಎಷ್ಟೋ ಪುಟಗಳ ಚರ್ಚೆ ಪುಟ ತೆರೆದರೆ ಏನೂ ಇರುವುದಿಲ್ಲ. ನಮ್ಮ ಇತಿಹಾಸ, ಗಡಿ, ಜಾತಿ, ಮಠಗಳ ಬಗ್ಗೆ ಕನ್ನಡಿಗರಲ್ಲಿ ಭಿನ್ನಾಭಿಪ್ರಾಯಕ್ಕೆ ಬರವಿಲ್ಲ. ಅದೆಲ್ಲ ಫೇಸ್‌ಬುಕ್ ಗೋಡೆಗಳಲ್ಲಿ ಉರಿದು ಮರುದಿನಕ್ಕೆ ಬೂದಿಯಾಗುತ್ತಿದೆ. ಸಣ್ಣ ಬಳಗವೊಂದು ಕೆಲವರ ಕೈವಶವಾಗುವುದು ಎಷ್ಟು ಸುಲಭವೆಂದು ಕ್ರೊವೇಷಿಯಾ ತೋರಿಸಿದೆ. ಕಾಲೇಜುಗಳಲ್ಲಿ ವಿಕಿಪೀಡಿಯ ಕಾರ್ಯಾಗಾರ ನಡೆಸುವವರು ಹೊಸ ಲೇಖನಗಳ ಎಣಿಕೆಯ ಗುರಿಯನ್ನು ಸ್ವಲ್ಪ ಬದಿಗಿಡಲಿ. ಈಗಾಗಲೇ ಇರುವ ಪುಟವೊಂದರಲ್ಲಿ ತಮಗೆ ಒಪ್ಪದ ಒಂದು ವಾಕ್ಯ ಹುಡುಕಿ, ಆಧಾರದೊಂದಿಗೆ ಚರ್ಚೆ ಪುಟದಲ್ಲಿ ಬರೆದು, ಸಹಿ ಹಾಕಿ, ಉತ್ತರಕ್ಕೆ ಕಾಯಲು ಹುಡುಗ–ಹುಡುಗಿಯರಿಗೆ ಮೊದಲು ಹೇಳಲಿ. ಉತ್ತರ ಕೊಡುವ ಹಿರಿಯ ಸಂಪಾದಕರನ್ನೂ ಅಂದೇ ಕರೆದು ಕೂರಿಸಲಿ.