ಕಿವಿಯೇ ಜಡ್ಜ್ ಅನ್ನುವವರಿಗೆ

"ಗ್ರಾಫು ಗೀಫು ಬಿಡು ಗುರು, ಕೊನೆಗೆ ಕಿವಿನೇ ಜಡ್ಜು."

ಬೆಂಗಳೂರಿನಲ್ಲಿ ಮನೆಯಲ್ಲೇ ಸ್ಪೀಕರ್ ಕಟ್ಟುವ ನಮ್ಮ ಗೆಳೆಯರ ಬಳಗದಲ್ಲಿ ಈ ಮಾತು ಕೇಳದ ಭಾನುವಾರ ಇಲ್ಲ. ಎಸ್‌ಪಿ ರೋಡಿನಿಂದ ಕೆಪಾಸಿಟರ್ ತರ್ತೀವಿ, ಕಾರ್ ನಿಲ್ಲಿಸೋ ಜಾಗದಲ್ಲಿ ಪ್ಲೈವುಡ್ ಕೊಯ್ತೀವಿ, ಕಣ್ಣು ಮುಚ್ಚಿ ಎರಡು ಹಾಡು ಕೇಳಿ "ವಾರ್ಮ್ ಆಗಿದೆ" ಅಂತ ತೀರ್ಪು ಕೊಡ್ತೀವಿ. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಆ ಸಿಟ್ಟು ಹುಟ್ಟಿದ್ದು ನನ್ನೂರು ಕೆಂಭಾವಿಯಲ್ಲಿ.

ಗೊತ್ತಿಲ್ಲದವರಿಗೆ: ಯಾದಗಿರಿ ಜಿಲ್ಲೆ, ಸುರಪುರದ ಸೀಮೆ, ಶರಣ ಭೋಗಣ್ಣನ ಊರು. ನನ್ನ ಕಾಕಾ ಅಲ್ಲಿ 28 ವರ್ಷದಿಂದ ಸೌಂಡ್ ಸರ್ವಿಸ್ ನಡೆಸುತ್ತಾನೆ. ಮದುವೆ, ಜಾತ್ರೆ, ಉರುಸು, ಗಣಪತಿ, ಎಲ್ಲದಕ್ಕೂ ಅವನದೇ ಬಾಕ್ಸು. ಅಷ್ಟನ್ನೂ ಕಟ್ಟಿದ್ದು ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ. ಒಂದು ಕಾಲಕ್ಕೆ ಟ್ರ್ಯಾಕ್ಟರ್ ನಿಲ್ಲುತ್ತಿದ್ದ ಜಾಗ. 18 ಎಂಎಂ ಪ್ಲೈ, ಫೆವಿಕಾಲ್, ಸ್ಕ್ರೂ. ಕಾಯಿಲ್ ಸುಟ್ಟರೆ ತಾನೇ ಸುತ್ತುತ್ತಾನೆ. ಬಾಕ್ಸಿನೊಳಗೆ ಎಷ್ಟು ಗಾಳಿ ಇರಬೇಕು, ಮುಂದಿನ ಪೈಪು ಎಷ್ಟು ಉದ್ದ ಇರಬೇಕು ಅನ್ನೋದಕ್ಕೆ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೇ ಲೆಕ್ಕ ಬರೆದಿಟ್ಟ. ಕಾಕಾನಿಗೆ ಆ ಹೆಸರು ಗೊತ್ತಿಲ್ಲ. ಅವನು ಪೈಪನ್ನು ಬೆರಳಗಲ ಬೆರಳಗಲ ಕತ್ತರಿಸುತ್ತಾ ಕೋನಿನ ಮೇಲೆ ಕೈಯಿಟ್ಟು ನೋಡುತ್ತಾನೆ. ಬಾಕ್ಸು ಯಾವ ಸ್ವರಕ್ಕೆ ಹೊಂದಿದೆಯೋ ಆ ಸ್ವರದಲ್ಲಿ ಕೋನು ಅಲುಗೋದು ತೀರಾ ಕಮ್ಮಿ ಆಗುತ್ತದೆ, ಗಾಳಿಯ ಕೆಲಸವನ್ನೆಲ್ಲ ಪೈಪು ಮಾಡುತ್ತದೆ. ಅವನು ಹುಡುಕೋದು ಅದನ್ನೇ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ ನೋಡಿದೆ: 2 ಹರ್ಟ್ಸ್ ಫರಕು, ಅಷ್ಟೇ.

ಹಾಗಾಗಿ ಇದು ಟೆಕ್ಕಿಯೊಬ್ಬ ಊರಿಗೆ ಹೋಗಿ ವಿಜ್ಞಾನ ಹೇಳಿಕೊಟ್ಟ ಕಥೆ ಅಲ್ಲ.

ಹೋದ ವರ್ಷ ರಜೆಯಲ್ಲಿ ಅಳತೆಯ ಮೈಕ್ ಒಯ್ದಿದ್ದೆ. ಸಾಧಾರಣ ಫೋನಿನಷ್ಟು ಬೆಲೆ. ರೂಮ್ ಈಕ್ಯೂ ವಿಝಾರ್ಡ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಶೆಡ್ಡಿನೊಳಗೆ ಅಳೆದರೆ ಪತ್ರಾಸೇ ಹಾಡುತ್ತದೆ. ಅದಕ್ಕೇ ಬಾಕ್ಸನ್ನು ಭತ್ತ ಕೊಯ್ದ ಬಯಲಿಗೆ ಹೊತ್ತೆವು. ಸುತ್ತ ಗೋಡೆ ಇಲ್ಲ, ಸದ್ದು ತಿರುಗಿ ಬರೋದಿಲ್ಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ಸಿಗದ ಲ್ಯಾಬು. ಗಾಳಿ ನಿಂತ ಮೇಲೆ, ಊಂ ಅಂತ ಶುರುವಾಗಿ ಕೀ ಅಂತ ಮುಗಿಯುವ ಪರೀಕ್ಷೆಯ ಸದ್ದು ಹಾಕಿದೆ. ಊರ ನಾಯಿಗಳೆಲ್ಲ ಉತ್ತರ ಕೊಟ್ಟವು.

ಗ್ರಾಫಿನಲ್ಲಿ ಕೆಳಗಿನದೆಲ್ಲ ಚೆನ್ನಾಗಿತ್ತು. 3 ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ 9 ಡೆಸಿಬೆಲ್ಲಿನ ಗುಡ್ಡ. ಹಾರ್ನ್ ಸಹಜವಾಗಿ ವೂಫರಿಗಿಂತ ಜೋರು, ತಗ್ಗಿಸಲು ಮಧ್ಯೆ ರೆಸಿಸ್ಟರ್ ಇಡುತ್ತಾರೆ. ಕಾಕಾ ಯಾವತ್ತೋ ಅದನ್ನು ಕಿತ್ತು ಹಾಕಿದ್ದ. "ಸೌಂಡ್ ತಿಂತದ ಅದು." ನಾನು ಮತ್ತೆ ಹಾಕಿ, ಗುಡ್ಡ ಸಮ ಮಾಡಿ ಕೇಳಿಸಿದೆ.

"ಲೇ ತಮ್ಮಾ, ಸತ್ತವರ ಮನಿ ಸೌಂಡ್ ಆತಲ್ಲೋ ಇದು."

ಆಗ ನನಗೆ ಅನುಮಾನ ಬಂತು. 6 ಸಾವಿರ ಹರ್ಟ್ಸ್‌ನ ಒಂದೇ ಸ್ವರ ಹಚ್ಚಿದೆ. ಅವನ ಸಣ್ಣ ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಕಾಕಾ ನನ್ನ ಮುಖ ನೋಡುತ್ತಾ ನಿಂತಿದ್ದ. "ಚಾಲೂ ಮಾಡಿಲ್ಲೇನು ಇನ್ನ?"

ಕಲಬುರಗಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದೆ. ಎರಡೂ ಕಿವಿಯ ಗೆರೆ 4 ಸಾವಿರದ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಸದ್ದಿಗೆ ಕೆಟ್ಟ ಕಿವಿಯ ಗುರುತೇ ಅದು. ಹೋದದ್ದು ತಿರುಗಿ ಬರೋದಿಲ್ಲ. ಸಕಾರ, ಶಕಾರಗಳ ಹರಿತ ಇರೋದು ಆ ಮೇಲಿನ ಸ್ವರಗಳಲ್ಲಿ. ಮಂಟಪದಲ್ಲಿ ಯಾರಾದರೂ "ಸಾಕು" ಅಂತ ಕೂಗಿದರೆ ಅವನಿಗೆ "ಹಾಕು" ಅಂತ ಕೇಳಿಸುತ್ತಿತ್ತೋ ಏನೋ.

ಈಗ ಲೆಕ್ಕ ಹಾಕಿ. ಕಿವಿ ಕಳಕೊಂಡವನು ಕಿವಿಯಿಂದಲೇ ಬಾಕ್ಸು ಕಟ್ಟುತ್ತಾನೆ. ತನಗೆ ಕೇಳದ್ದನ್ನು ತುಂಬಿಕೊಳ್ಳಲು ಹಾರ್ನ್ ಏರಿಸುತ್ತಾನೆ. ಅದರ ಪಕ್ಕ ವೈರ್ ಹಿಡಿದು ನಿಂತ 17ರ ಹುಡುಗನ ಕಿವಿಯೂ ಹೋಗುತ್ತದೆ, ಹತ್ತು ವರ್ಷಕ್ಕೆ ಅವನೂ ಸ್ವಂತ ಸೌಂಡ್ ಸರ್ವಿಸ್ ತೆಗೆಯುತ್ತಾನೆ. ನೀವು "ಡಿಜೆ ಬ್ಯಾನ್ ಮಾಡಿ" ಅಂತ ಪೋಸ್ಟ್ ಹಾಕ್ತೀರಿ. ಕಾನೂನು ಇದೆ: 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಅದು ನೆರೆಮನೆಯವರ ನಿದ್ದೆಯ ಲೆಕ್ಕ, ಇರಲೇಬೇಕು. ಬಾಕ್ಸಿನಿಂದ ಎರಡು ಮಾರು ದೂರದಲ್ಲಿ ಆರು ತಾಸು ನಿಲ್ಲುವವನ ಕಿವಿಯ ಲೆಕ್ಕ ಯಾರ ಪೋಸ್ಟಿನಲ್ಲೂ ಕಾಣಲಿಲ್ಲ. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಮಿತಿ ದಿನಕ್ಕೆ 85 ಡೆಸಿಬೆಲ್ಲಿಗೆ 8 ತಾಸು; ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 100ಕ್ಕೆ ಬಂದರೆ 15 ನಿಮಿಷ.

ಇನ್ನು ನಾವು, ಜಾಣರು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗ ಮಾಡಿದರು. ಅದೇ ಜನ, ಅದೇ ಸ್ಪೀಕರು. ಒಮ್ಮೆ ಕಣ್ಣೆದುರು, ಒಮ್ಮೆ ಪರದೆಯ ಹಿಂದೆ. ಕಣ್ಣಿಗೆ ಕಂಡಾಗ ಕೊಟ್ಟ ಅಂಕ ಪರದೆ ಬಿದ್ದಾಗ ಉಳಿಯಲಿಲ್ಲ. ಸ್ಪೀಕರ್ ಕಂಪನಿಯಲ್ಲೇ ಕೆಲಸ ಮಾಡುವವರ ಕಿವಿಯ ಹಣೆಬರಹ ಇದು. ಸಾವಿರಗಟ್ಟಲೆ ಕೊಟ್ಟು ಕೇಬಲ್ ತಂದು "ಫರಕ್ ಕೇಳ್ತಿದೆ" ಅನ್ನುವ ಗೆಳೆಯನಿಗೆ ನಾನು ಬೆಡ್‌ಶೀಟ್ ಕಟ್ಟೋಣ ಬಾ ಅಂದೆ. ಇನ್ನೂ ಬಂದಿಲ್ಲ.

ಹಾಗಾದರೆ ಹಾಡು ಕೇಳೋದು ಮೈಕಿಗೋಸ್ಕರಾನಾ ಅಂತ ಕೇಳ್ತೀರಿ. ಅಲ್ಲ. ಊಟದ ರುಚಿ ನಾಲಿಗೆಯದೇ. ಆದರೆ ನೆಗಡಿ ಬಂದವನನ್ನು ಒಗ್ಗರಣೆಯ ವಾಸನೆ ನೋಡು ಅಂತ ನಿಲ್ಲಿಸಬೇಡಿ. ನೆಗಡಿ ಬಂದದ್ದು ಗೊತ್ತಾದರೂ ಆಗುತ್ತದೆ, ಕಿವಿ ಹೋದದ್ದು ಆಗೋದಿಲ್ಲ. ನನ್ನದೂ ಪರೀಕ್ಷೆ ಮಾಡಿಸಿದೆ. ವಯಸ್ಸು 34, ದಿನಾ ಆಫೀಸು ಮುಗಿಯುವ ತನಕ ಇಯರ್‌ಫೋನು. ಎಡಗಿವಿಯಲ್ಲಿ 4 ಸಾವಿರಕ್ಕೆ ಸಣ್ಣ ತಗ್ಗು ಶುರುವಾಗಿದೆ.

ರೆಸಿಸ್ಟರ್ ಹಾಕಿದ ಬಾಕ್ಸು ಎರಡು ಮದುವೆ ಮುಗಿಸಿತು. ಗಿರಾಕಿ ಯಾರೂ ಬೈಲಿಲ್ಲ ಅಂದ ಕಾಕಾ. "ನನಗs ಮಜಾ ಬರವಲ್ದು ಖರೆ." ಅವನಿಗೂ ಹುಡುಗರಿಗೂ ಅಂತ ಕಿವಿಗೆ ಇಡುವ ಫೋಮಿನ ಬಿರಡೆ 50 ಜೊತೆ ಕಳಿಸಿದ್ದೆ. ಹಾಕೋತೀರೇನು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಬಾಕ್ಸಿನ ಹಿಂದೆ ವೈರಿನ ತೂತಿನಲ್ಲಿ ತುರುಕಿದ್ದಾನಂತೆ.

"ಭಾಳ ಚಲೋ ಮಾಲು ನೋಡು ತಮ್ಮಾ. ಗಾಳಿ ಸೋರೋದು ಪೂರಾ ಬಂದ್ ಆಗ್ಯದ."