ದೇವರ ಚಿತ್ತವೂ ಕಾಲೇಜಿನ ಅರ್ಜಿಯೂ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಕ್ರೈಸ್ತ ಮನೆಗಳಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ವಿಜ್ಞಾನವೋ, ವಾಣಿಜ್ಯವೋ, ಕಲೆಯೋ ಎಂಬುದು ಮೊದಲನೆಯದು; ಅದು ಎಲ್ಲರ ಮನೆಯ ಪ್ರಶ್ನೆ. ಇದರಲ್ಲಿ ದೇವರ ಚಿತ್ತ ಯಾವುದು ಎಂಬುದು ಎರಡನೆಯದು. ಧೈರ್ಯ ಕೊಡಬೇಕಾದ ಈ ಎರಡನೆಯ ಪ್ರಶ್ನೆಯೇ ಎಷ್ಟೋ ಮಕ್ಕಳಿಗೆ ಮೊದಲನೆಯದಕ್ಕಿಂತ ಹೆಚ್ಚು ಭಯ ತರುತ್ತದೆ. ತಪ್ಪು ಕಾಂಬಿನೇಷನ್ ಆರಿಸಿಕೊಂಡರೆ ದೇವರ ಯೋಜನೆಯೇ ಕೈತಪ್ಪಿ ಹೋದೀತೆಂದು ಅವರು ನಂಬಿಬಿಡುತ್ತಾರೆ. ನನ್ನ ಶಿಷ್ಯರಲ್ಲಿ ಹಲವರು ಈಗ ಇಂತಹ ಮಕ್ಕಳ ತಂದೆತಾಯಿಗಳು. ಆದುದರಿಂದ ಈ ಮಾತು ಇಬ್ಬರಿಗೂ ಸಲ್ಲುತ್ತದೆ.

ಇಂತಹ ಸಮಯದಲ್ಲಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವನ್ನು ಮಕ್ಕಳಿಗೆ ಬರೆದುಕೊಡುವುದು ನಮ್ಮಲ್ಲಿ ವಾಡಿಕೆ. ದೇವರು ತನ್ನ ಜನರ ವಿಷಯದಲ್ಲಿ ಒಳ್ಳೆಯದನ್ನೇ ಯೋಚಿಸಿದ್ದಾನೆಂಬ ವಚನವದು. ಆದರೆ ಆ ಅಧ್ಯಾಯವನ್ನು ಮೊದಲಿನಿಂದ ಓದುವವರು ವಿರಳ. ಬಾಬೆಲಿಗೆ ಸೆರೆಹೋದ ಜನರಿಗೆ ಪ್ರವಾದಿಯು ಯೆರೂಸಲೇಮಿನಿಂದ ಕಳುಹಿಸಿದ ಪತ್ರವದು. ಬಿಡುಗಡೆಗೆ ಅಲ್ಲಿ ಹೇಳಿರುವ ಅವಧಿ 70 ವರ್ಷ! ಅಲ್ಲಿಯವರೆಗೆ ಅವರು ಮಾಡಬೇಕಾದುದೇನು? ಮನೆ ಕಟ್ಟಿಕೊಳ್ಳುವುದು, ತೋಟ ಮಾಡುವುದು, ಸಂಸಾರ ನಡೆಸುವುದು, ತಾವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸುವುದು. ಅಂದರೆ ಮುಂದಿನದು ದೇವರ ಕೈಯಲ್ಲಿದೆ ಎಂಬ ಭರವಸೆಯೊಡನೆ, ಇಂದಿನ ಕೆಲಸವನ್ನು ಇಂದು ಮಾಡಿರೆಂಬ ಅಪ್ಪಣೆಯೂ ಇದೆ. ದಾರಿಯ ಪೂರ್ಣ ನಕ್ಷೆ ಅವರಿಗೂ ಸಿಗಲಿಲ್ಲ.

ಅಪೊಸ್ತಲನಾದ ಪೌಲನಿಗೂ ಸಿಗಲಿಲ್ಲ. ಅವನು ಬಿಥೂನ್ಯಕ್ಕೆ ಹೋಗಲು ಯತ್ನಿಸಿದಾಗ ಆ ಬಾಗಿಲು ಮುಚ್ಚಿತೆಂದೂ, ಬಳಿಕ ಮಕೆದೋನ್ಯದ ದಾರಿ ತೆರೆಯಿತೆಂದೂ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಬಾಗಿಲು ಮುಚ್ಚಿದ್ದು ಅವನಿಗೆ ತಿಳಿದದ್ದು ನಡೆಯುತ್ತಿದ್ದಾಗಲೇ ಹೊರತು ಕುಳಿತಿದ್ದಾಗ ಅಲ್ಲ.

ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದರು. ಬಂದದ್ದು ಸುವಾರ್ತೆ ಸಾರಲೆಂದು. ಆದರೆ ಕನ್ನಡಿಗರು ಇಂದಿಗೂ ಅವರನ್ನು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ. ನಡುವೆ 41 ವರ್ಷಗಳು! ಜನರ ಭಾಷೆಯನ್ನು ಕಲಿಯುವುದು ಅವರ ಮೊದಲ ಹೆಜ್ಜೆಯಾಗಿತ್ತು. ಆ ಹೆಜ್ಜೆಯನ್ನು ಶ್ರದ್ಧೆಯಿಂದ ಇಟ್ಟುದರಿಂದ ಮುಂದಿನದು ಕಾಣಿಸಿತು.

ಮಕ್ಕಳೇ, ಲೌಕಿಕವಾಗಿ ನೋಡಿದರೂ ನೀವು ಎಣಿಸಿದಷ್ಟು ಬಾಗಿಲುಗಳು ಮುಚ್ಚಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಪದವಿಗೆ ಕಲೆಯನ್ನೋ ವಾಣಿಜ್ಯವನ್ನೋ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐದು ವರ್ಷದ ಕಾನೂನು ಪದವಿಗೆ ಪಿ.ಯು.ಸಿ.ಯ ಯಾವ ವಿಭಾಗದವರೂ ಅರ್ಹರು. ಆದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಬಿಟ್ಟವರಿಗೆ ವೈದ್ಯಕೀಯದ ದಾರಿ ಸುಲಭವಲ್ಲ; ಆದುದರಿಂದ ಪ್ರಾರ್ಥನೆಯೊಡನೆ ವಿಚಾರಣೆಯೂ ಬೇಕು. ಯಾವ ವಿಷಯ ಓದುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಯಾವುದನ್ನು ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ, ಮನೆಯ ಹಣಕಾಸು ಎಷ್ಟಕ್ಕೆ ಒದಗುತ್ತದೆ ಎಂಬುದನ್ನು ನೋಡಿಕೊಳ್ಳುವುದು ಅವಿಶ್ವಾಸವಲ್ಲ. ಬುದ್ಧಿಯೂ ದೇವರ ವರವೇ.

ತಂದೆತಾಯಿಗಳಿಗೆ ಒಂದು ಕಿವಿಮಾತು. ನಿಮ್ಮ ಆಸೆಯ ಮೇಲೆ ದೇವರ ಮುದ್ರೆ ಒತ್ತಬೇಡಿರಿ. ಮಗಳು ವೈದ್ಯಳಾಗಲಿ ಎಂದು ಬಯಸುವುದು ತಪ್ಪಲ್ಲ. ಅದನ್ನೇ ದೇವರ ಚಿತ್ತವೆಂದು ಸಾರಿದರೆ ಆಕೆ ತನ್ನ ಮನಸ್ಸನ್ನು ಹೇಳುವುದಾದರೂ ಹೇಗೆ? ನಿಮಗೆ ಇಲ್ಲವೆಂದರೆ ದೇವರಿಗೇ ಇಲ್ಲವೆಂದಂತಾಗುತ್ತದೆ. ಅಷ್ಟು ಭಾರವನ್ನು ಹದಿನಾರರ ಹೆಗಲು ಹೊರಲಾರದು.

ತಲಾಂತುಗಳ ಸಾಮ್ಯವನ್ನು ನಾವೆಲ್ಲ ಭಾನುವಾರದ ಶಾಲೆಯಲ್ಲಿ ಕೇಳಿದ್ದೇವೆ. ಐದು ಪಡೆದವನಿಗೂ ಎರಡು ಪಡೆದವನಿಗೂ ಯಜಮಾನನಿಂದ ದೊರೆತ ಮೆಚ್ಚುಗೆ ಒಂದೇ. ಒಂದು ಪಡೆದವನು ಅದನ್ನು ಹೂಳಿಟ್ಟದ್ದಕ್ಕೆ ಕೊಟ್ಟ ಕಾರಣ ಭಯ. ವ್ಯಾಪಾರದಲ್ಲಿ ತಪ್ಪು ಮಾಡಿದ್ದಕ್ಕಾಗಿ ಅಲ್ಲಿ ಯಾರೂ ಗದರಿಸಿಕೊಳ್ಳಲಿಲ್ಲ. ಗದರಿಸಿಕೊಂಡವನು ಹೆದರಿ ಕೈಕಟ್ಟಿ ಕುಳಿತವನು. ಆದುದರಿಂದ ಕೇಳಿ ತಿಳಿದು, ಪ್ರಾರ್ಥಿಸಿ, ಅರ್ಜಿ ತುಂಬಿರಿ. ಸೇರಿದ ಮೇಲೆ ಮನಸ್ಸಿಟ್ಟು ಓದಿರಿ. ಮುಂದೆ ದಾರಿ ಬದಲಿಸಬೇಕಾಗಿ ಬಂದರೆ, ಅಲ್ಲಿಯೂ ದೇವರಿದ್ದಾನೆ.