ತೆರೆ ಇದ್ದಂತೆ ಹಲಗೆ

ತೆರೆಯ ಮೇಲೆ ಹಲಗೆಯನ್ನೇರಿ ಸಾಗುವ ಸರ್ಫಿಂಗ್ ಆಟವು ನಮ್ಮ ಕರಾವಳಿಗೂ ಬಂದಿದೆ. ಮಂಗಳೂರಿನ ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇದರ ಪಂದ್ಯವೇ ಜರುಗಿತು. ಹಲಗೆ ಬೇಕೆಂದು ಮಕ್ಕಳು ಕೇಳಿದಾಗ ತಂದೆತಾಯಿಗಳು ಬೆಲೆಯನ್ನೂ ಬಣ್ಣವನ್ನೂ ನೋಡುವುದು ಸಹಜ. ಆದರೆ ಮುಖ್ಯವಾಗಿ ನೋಡತಕ್ಕದ್ದು ಹಲಗೆಯ ಬಾಲವನ್ನೂ, ಅದರ ಅಡಿಯಲ್ಲಿರುವ ಫಿನ್ ಎಂಬ ರೆಕ್ಕೆಗಳನ್ನೂ ಎಂದು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ಈ ಆಟದ ತವರಾದ ಹವಾಯಿಯಲ್ಲಿ ಪೂರ್ವದ ಹಲಗೆಗಳಿಗೆ ರೆಕ್ಕೆಯೇ ಇರಲಿಲ್ಲ. ಕಡಿದಾದ ತೆರೆಯಲ್ಲಿ ಅವುಗಳ ಅಗಲವಾದ ಬಾಲವು ಪಕ್ಕಕ್ಕೆ ಜಾರುತ್ತಿತ್ತು. 1935ರಲ್ಲಿ ಟಾಮ್ ಬ್ಲೇಕ್ ಎಂಬವರು ಹಳೆಯ ದೋಣಿಯೊಂದರ ಲೋಹದ ಕೀಲನ್ನು ಹಲಗೆಯಡಿ ಜೋಡಿಸಿ ಆ ಜಾರಿಕೆಯನ್ನು ತಡೆದರು. 1937ರಲ್ಲಿ ಹೊನೊಲುಲುವಿನ ತರುಣರು ಬಾಲವನ್ನೇ ಕೆತ್ತಿ ಕಿರಿದುಗೊಳಿಸಿದರು. ವ್ಯಾಧಿಯೊಂದು, ಔಷಧಿಗಳೆರಡು!

ಇದರ ಮರ್ಮವಿಷ್ಟೆ. ಅಗಲ ಬಾಲವು ನೀರಿನ ಮೇಲೆ ತೇಲುವುದರಿಂದ ಸಣ್ಣ, ಬಲವಿಲ್ಲದ ತೆರೆಯನ್ನೂ ಬೇಗ ಹಿಡಿಯುವುದು. ಆದರೆ ಕಡಿದಾದ ತೆರೆಯ ವೇಗದಲ್ಲಿ ಮೇಲೆದ್ದು ಹಿಡಿತವನ್ನು ಬಿಡುವುದು. ಕಿರಿದಾದ ಬಾಲವು ನೀರಿನಲ್ಲಿ ಇಳಿದು ಭದ್ರವಾಗಿ ನಿಲ್ಲುವುದು. ಮೆಲುತೆರೆಯಲ್ಲಾದರೋ ಮುಳುಗಿ ನಿಧಾನವಾಗುವುದು. ಬಾಲದ ತುದಿಯಿಂದ ಒಂದು ಅಡಿ ಮೇಲಕ್ಕೆ ಈ ಅಗಲವನ್ನು ಅಳೆಯುವುದು ರೂಢಿ.

ರೆಕ್ಕೆಗಳ ವಿಷಯವೂ ಹೀಗೆಯೇ. ಒಂದೇ ರೆಕ್ಕೆಯು ನೇರವಾದ, ಸ್ಥಿರವಾದ ಸವಾರಿಯನ್ನು ಕೊಡುವುದು. ಎರಡಾದರೆ ಹಲಗೆ ಚುರುಕಾಗಿ ತಿರುಗುವುದು. ಎರಡು ರೆಕ್ಕೆಗಳ ಹಲಗೆಗೆ ಹೆಸರಾದ ಆಸ್ಟ್ರೇಲಿಯದ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ನಾಲ್ಕು ವರ್ಷ ಜಗಜ್ಜೇತರಾದರು. ಆದರೆ ಅದೇ ದೇಶದ, ಭಾರಿ ಮೈಕಟ್ಟಿನ ಸೈಮನ್ ಆಂಡರ್‌ಸನ್ ಅವರಿಗೆ ದೊಡ್ಡ ತೆರೆಗಳಲ್ಲಿ ಅದು ಒಗ್ಗಲಿಲ್ಲ. ಅವರು ಮೂರು ರೆಕ್ಕೆಗಳ ಹಲಗೆಯನ್ನು ರಚಿಸಿ, 1981ರಲ್ಲಿ ಬೆಲ್ಸ್ ಬೀಚಿನ ಬೃಹತ್ ತೆರೆಗಳಲ್ಲಿ ಗೆದ್ದರು. ಹಿಡಿತ, ಚುರುಕು ಎರಡನ್ನೂ ಕೊಡುವ ಈ ಕ್ರಮವೇ ಇಂದು ಬಹುವಾಗಿ ಬಳಕೆಯಲ್ಲಿದೆ.

ಒಬ್ಬನಿಗೆ ಒಪ್ಪಿದ್ದು ಇನ್ನೊಬ್ಬನಿಗೆ ಒಗ್ಗದೆಂಬುದನ್ನು ಇಲ್ಲಿ ಗಮನಿಸಬೇಕು. ಜಗಜ್ಜೇತನ ಹಲಗೆಯ ಮಾದರಿಯನ್ನೇ ಮಗುವಿಗೆ ಕೊಡಿಸಿದರೆ ಅದು ಮೆಲುತೆರೆಯಲ್ಲಿ ಮುಳುಗುವುದು. ಮಗುವು ಹಲಗೆಯ ದೋಷವನ್ನು ತನ್ನ ದೋಷವೆಂದೇ ಭಾವಿಸಿ, “ನನ್ನಿಂದಾಗದು” ಎಂದು ಕೈಬಿಡುವುದು. ಹಣ ಹೋದುದಕ್ಕಿಂತ ಇದು ದೊಡ್ಡ ನಷ್ಟವಲ್ಲವೆ? ಕಲಿಯುವವರಿಗೆ ಉದ್ದವಾದ, ಅಗಲ ಬಾಲದ, ಮೃದುವಾದ ಹಲಗೆಯೇ ಲೇಸು. ಮಳೆಗಾಲದ ಉಗ್ರ ಕಡಲು ಅವರಿಗೆ ಸಲ್ಲದು.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು. ತೆರೆ ಇದ್ದಂತೆ ಹಲಗೆಯನ್ನು ಆರಿಸಿರೆಂದು ನಾವು ಸೇರಿಸುತ್ತೇವೆ.